ಮರಣಸ್ಮಾರಕಗಳು ಮತ್ತು ವಸ್ತುಸಂಗ್ರಹಾಲಯ: ಚಿಕ್ಕಬಳ್ಳಾಪುರ ಸೀಮೆಯ ವೀರಗಲ್ಲುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಮೃತರಿಗಾಗಿ ಮನುಷ್ಯ ಮಾಡಿದ ವಸ್ತುಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಶವದೊಡನೆ ನೆಲದೊಳಗೆ ಇರಿಸಿ, ಮುಚ್ಚಿ, ಮತ್ತೆ ಯಾರ ಕಣ್ಣಿಗೂ ಬೀಳಬಾರದೆಂದು ಉದ್ದೇಶಿಸಿದವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಮೃತನ ಹೆಸರಿನಲ್ಲಿ ನೆಲದ ಮೇಲೆ ನಿಲ್ಲಿಸಿ, ನಾಲ್ವರು ನೋಡುವಂತೆ, ಕಾಲಕಾಲಕ್ಕೆ ಪೂಜೆ ನೈವೇದ್ಯಗಳು ಸಲ್ಲುವಂತೆ ಏರ್ಪಡಿಸಿದವು ಎರಡನೆಯ ವರ್ಗದವು. ಚೀನಾದೇಶದ ಸಮಾಧಿಗಳಲ್ಲಿ ದೊರೆತ ಮಣ್ಣಿನ ಗೊಂಬೆಗಳು, ಮುಖ ಮುಚ್ಚುವ ರೇಷ್ಮೆ ಬಟ್ಟೆಗಳು, ದಕ್ಷಿಣ ಭಾರತದ ಬೃಹತ್‌ಶಿಲಾ ಸಮಾಧಿಗಳ ಮಡಕೆ ಕುಡಿಕೆ ಹಾಗೂ ಕಬ್ಬಿಣದ ಆಯುಧಗಳು ಮೊದಲನೆಯದಕ್ಕೆ ಉದಾಹರಣೆಗಳು. ಕರ್ನಾಟಕದ ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲುಗಳು ಎರಡನೆಯದಕ್ಕೆ ಉದಾಹರಣೆಗಳು.

ಈ ಎರಡೂ ವರ್ಗದ ವಸ್ತುಗಳು ಕಳೆದ ಒಂದೂವರೆ ಶತಮಾನದಿಂದ ವಸ್ತುಸಂಗ್ರಹಾಲಯಗಳಲ್ಲಿ ಒಂದೇ ಸೂರಿನಡಿ ಸೇರಿಕೊಂಡಿವೆ. ಆದರೆ ಸಂಗ್ರಹಾಲಯಕ್ಕೆ ಬರುವಾಗ ಅವೆರಡೂ ಕಳೆದುಕೊಳ್ಳುವುದು ಒಂದೇ ಸಂಗತಿಯನ್ನಲ್ಲ. ಹೂಳಿದ ವಸ್ತುವಿಗೆ ಸಮಾಧಿಯೊಳಗಿನ ಅದರ ನೆಲೆ ಮುಖ್ಯ. ಆ ನೆಲೆಯನ್ನು ಅಗೆದವನು ಸರಿಯಾಗಿ ಬರೆದಿಟ್ಟರೆ ಅರ್ಥದ ಬಹುಭಾಗ ಉಳಿಯುತ್ತದೆ. ನಿಲ್ಲಿಸಿದ ಕಲ್ಲಿಗೆ ಊರು, ಕೆರೆ, ಹೊಲದ ಎಲ್ಲೆ, ಪೂಜೆಯ ಹೊಣೆ ಹೊತ್ತ ವಂಶ ಇವೆಲ್ಲವೂ ಸೇರಿಯೇ ಅರ್ಥ. ಇವುಗಳನ್ನು ಬರೆದಿಡುವ ಕ್ರಮ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ವೀರಗಲ್ಲುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹೂಳಿದ ವಸ್ತುಗಳು: ಚೀನಾದ ನಿದರ್ಶನ

ಚೀನೀಯರು ಸಮಾಧಿಯಲ್ಲಿ ಇರಿಸುತ್ತಿದ್ದ ವಸ್ತುಗಳಿಗೆ ‘ಮಿಂಗ್‌ಚಿ’ ಎಂಬ ಹೆಸರಿದೆ. ಇವು ಬದುಕಿದವರು ಬಳಸುವ ಸಾಮಾನುಗಳ ಪ್ರತಿರೂಪಗಳು. ಆದರೆ ಬಳಕೆಗೆ ಬಾರದವು. ಕನ್‌ಫ್ಯೂಷಿಯಸ್ ಪರಂಪರೆಯ ವಿಧಿಗ್ರಂಥವಾದ ‘ಲೀಜಿ’ಯಲ್ಲಿ ಇದರ ತತ್ತ್ವದ ಚರ್ಚೆಯಿದೆ. ಸತ್ತವರನ್ನು ಪೂರ್ತಿಯಾಗಿ ಸತ್ತವರೆಂದು ಕಂಡರೆ ಪ್ರೀತಿಗೆ ಚ್ಯುತಿ, ಪೂರ್ತಿಯಾಗಿ ಬದುಕಿದವರೆಂದು ಕಂಡರೆ ವಿವೇಕಕ್ಕೆ ಚ್ಯುತಿ. ಆದ್ದರಿಂದ ತಂತಿಯಿದ್ದೂ ಶ್ರುತಿಯಿಲ್ಲದ ವಾದ್ಯ, ಆಕಾರವಿದ್ದೂ ಉಪಯೋಗವಿಲ್ಲದ ಪಾತ್ರೆ ಇವು ಮೃತರಿಗೆ ಸಲ್ಲತಕ್ಕವು ಎಂಬುದು ಅಲ್ಲಿನ ವಾದದ ಸಾರ. ಬಳಕೆಗೂ ನೋಟಕ್ಕೂ ಹೊರಗಿರುವುದೇ ಈ ವಸ್ತುಗಳ ಧರ್ಮವೆಂದಾಯಿತು.

ಇಂತಹ ವಸ್ತುಗಳು ಹೊರಜಗತ್ತಿಗೆ ಬಂದ ದಾರಿಗಳು ಎರಡು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲೋಯಾಂಗ್ ನಗರದ ಸುತ್ತ ರೈಲುಮಾರ್ಗಕ್ಕಾಗಿ ನೆಲ ಅಗೆದಾಗ ತಾಂಗ್ ಅರಸರ ಕಾಲದ ಸಮಾಧಿಗಳು ಒಡೆದವು. ಬಣ್ಣದ ಮೆರುಗಿನ ಕುದುರೆ, ಒಂಟೆ, ಕಾವಲು ಭೂತಗಳು ವ್ಯಾಪಾರಿಗಳ ಕೈಸೇರಿ ಯೂರೋಪು ಅಮೆರಿಕಗಳ ಸಂಗ್ರಹಾಲಯಗಳಿಗೆ ಹೋದವು. ಅವುಗಳಲ್ಲಿ ಬಹುಪಾಲು ಗೊಂಬೆಗಳು ಯಾರ ಸಮಾಧಿಯವು, ಶವದ ಯಾವ ಪಕ್ಕದಲ್ಲಿದ್ದವು ಎಂಬ ವಿವರ ಶಾಶ್ವತವಾಗಿ ನಷ್ಟವಾಯಿತು. ಇಂದು ಅವು ಶಿಲ್ಪಗಳಾಗಿ ಉಳಿದಿವೆ; ಸಂಸ್ಕಾರದ ವಸ್ತುಗಳಾಗಿ ಉಳಿದಿಲ್ಲ.

ಎರಡನೆಯ ದಾರಿಗೆ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ಆರೆಲ್ ಸ್ಟೈನ್ ತನ್ನ ಮೂರನೆಯ ಮಧ್ಯ ಏಷ್ಯಾ ಯಾತ್ರೆಯಲ್ಲಿ (1913–16), 1915ರ ಜನವರಿಯಲ್ಲಿ ತುರ್ಫಾನ್ ಬಳಿಯ ಅಸ್ತಾನದ ಸ್ಮಶಾನವನ್ನು ಅಗೆದನು. ಗಾವೋಚಾಂಗ್ ರಾಜ್ಯದ ಹಾಗೂ ತಾಂಗ್ ಆಳ್ವಿಕೆಯ ಕಾಲದ ಈ ಸಮಾಧಿಗಳು ಆ ವೇಳೆಗಾಗಲೇ ಕಳ್ಳರ ಕೈಗೆ ಸಿಕ್ಕಿದ್ದರೂ ಮರುಭೂಮಿಯ ಒಣಹವೆಯಿಂದಾಗಿ ಬಟ್ಟೆ, ಮರ, ಹಿಟ್ಟಿನ ತಿಂಡಿಗಳು ಕೂಡ ಕೆಡದೆ ಉಳಿದಿದ್ದವು. ಶವದ ಮುಖಕ್ಕೆ ಹೊದಿಸಿದ ರೇಷ್ಮೆ ವಸ್ತ್ರ, ಕಣ್ಣುಗಳ ಮೇಲಿಟ್ಟ ಸಾಸಾನಿ ಬೆಳ್ಳಿ ನಾಣ್ಯ, ಬಾಯಲ್ಲಿಟ್ಟ ಬೈಜಾಂಟಿನ್ ಮಾದರಿಯ ಚಿನ್ನದ ನಾಣ್ಯ, ಸರ್ಪದೇಹವನ್ನು ಹೆಣೆದುಕೊಂಡ ಫೂಷಿ ಮತ್ತು ನ್ಯೂವಾ ದೇವತೆಗಳ ಪಟ, ಮಣ್ಣಿನ ಸವಾರರು, ಕಾವಲು ಭೂತಗಳು ಇಲ್ಲಿ ದೊರೆತವು. ಯಾತ್ರೆಯ ವೆಚ್ಚ ಭಾರತ ಸರ್ಕಾರದ್ದಾಗಿದ್ದುದರಿಂದ ಸಂಗ್ರಹದ ದೊಡ್ಡ ಪಾಲು ದೆಹಲಿಗೆ ಬಂದು, ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ. ಕೆಲವು ವಸ್ತುಗಳು ಲಂಡನ್ನಿನಲ್ಲಿವೆ. ಗಮನಿಸಬೇಕಾದುದು ಸ್ಟೈನ್ ಅನುಸರಿಸಿದ ಸಂಖ್ಯಾಕ್ರಮ. ಪ್ರತಿಯೊಂದು ವಸ್ತುವಿನ ಮೇಲೂ ಸ್ಥಳದ ಹೆಸರಿನ ಸಂಕ್ಷೇಪ, ಸಮಾಧಿ ಗುಂಪಿನ ಸಂಖ್ಯೆ, ಸಮಾಧಿಯ ಸಂಖ್ಯೆ, ವಸ್ತುವಿನ ಕ್ರಮಸಂಖ್ಯೆ ಇವೆ. 1928ರಲ್ಲಿ ಪ್ರಕಟವಾದ ಆತನ ವರದಿಯನ್ನು ಪಕ್ಕದಲ್ಲಿಟ್ಟುಕೊಂಡರೆ ದೆಹಲಿಯ ಒಂದು ರೇಷ್ಮೆ ತುಂಡು ಯಾವ ಗೋರಿಯಿಂದ ಬಂದುದೆಂದು, ಅದರ ಜೊತೆಗೆ ಏನೇನಿತ್ತೆಂದು ಇಂದಿಗೂ ಹೇಳಬಹುದು. ಪರದೇಶದ ಸಮಾಧಿಗಳನ್ನು ಬರಿದುಮಾಡಿ ತರುವುದು ಸರಿಯೇ ಎಂಬ ಪ್ರಶ್ನೆ ಬೇರೆ. ಆದರೆ ನೆಲೆಯ ದಾಖಲೆ ವಸ್ತುವಿನೊಡನೆಯೇ ಪ್ರಯಾಣ ಮಾಡಿತೆಂಬುದು ಸತ್ಯ.

ಕರ್ನಾಟಕದ ಬೃಹತ್‌ಶಿಲಾ ಸಮಾಧಿಗಳು

ಇದೇ ಅಳತೆಗೋಲನ್ನು ನಮ್ಮ ನಾಡಿನ ಹೂಳುಸಮಾಧಿಗಳಿಗೆ ಹಿಡಿದು ನೋಡಬಹುದು. ಜನರು ‘ಮೋರ್ಯರ ಮನೆ’, ‘ಪಾಂಡವರ ಮನೆ’ ಎಂದು ಕರೆದುಕೊಂಡು ಬಂದಿರುವ ಕಲ್ಲುಕೋಣೆ, ಕಲ್ಲುವೃತ್ತಗಳನ್ನು ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು ಕುತೂಹಲದಿಂದ ಅಗೆದರು. ಬಹುತೇಕರ ಗಮನ ಒಳಗಿನ ಮಡಕೆ, ಮಣಿ, ಕತ್ತಿಗಳ ಮೇಲೆಯೇ ಇತ್ತು. ಸುರಪುರ ಸೀಮೆಯಲ್ಲಿ ಕೆಲಸ ಮಾಡಿದ ಮೆಡೋಸ್ ಟೇಲರ್ ಇದಕ್ಕೆ ಅಪವಾದ. ಜೇವರ್ಗಿಯ ಕಡೆ ತಾನು ತೆರೆದ ಸಮಾಧಿಗಳ ಅಡ್ಡಕೊಯ್ತದ ಚಿತ್ರಗಳನ್ನು ಆತ ಬರೆದಿಟ್ಟನು. ಸುಮಾರು ಒಂದು ಶತಮಾನದ ನಂತರ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿ ಉಲ್ಲೇಖಿಸಿದನು. ವೀಲರ್ 1947ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ ಈ ಸಮಾಧಿಗಳಿಗೆ ಕಾಲಕ್ರಮದ ಚೌಕಟ್ಟು ದೊರೆಯಿತು. ಪ್ರಸ್ತುತ ಸೀಮೆಯ ಹತ್ತಿರದಲ್ಲಿಯೇ, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಎಂ. ಶೇಷಾದ್ರಿಯವರು 1957ರಲ್ಲಿ ಬೃಹತ್‌ಶಿಲಾ ಸಮಾಧಿಗಳ ಉತ್ಖನನ ಕೈಗೊಂಡರು. ಅದರ ವರದಿ 1960ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಹೂಳಿದ ವಸ್ತುವಿನ ವಿಷಯದಲ್ಲಿ ನಮ್ಮ ಪುರಾತತ್ತ್ವ ವಿಭಾಗಗಳು ಕ್ರಮಬದ್ಧ ದಾಖಲೆಯ ಶಿಸ್ತನ್ನು ರೂಢಿಸಿಕೊಂಡಿವೆ ಎಂಬುದಕ್ಕೆ ಇವು ಸಾಕ್ಷಿ. ನಿಂತ ಕಲ್ಲುಗಳ ವಿಷಯದಲ್ಲಿ ಹೀಗೆ ಹೇಳುವಂತಿಲ್ಲ.

ನಾಲ್ಕು ತಾಲ್ಲೂಕುಗಳು: ನೆಲ ಮತ್ತು ಕಾಳಗ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಂಡಿತು. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ನದಿಗಳು ಹುಟ್ಟಿ ನಾಲ್ಕು ದಿಕ್ಕಿಗೆ ಹರಿಯುತ್ತವೆ. ನದಿಗಳು ಹುಟ್ಟುವ ನಾಡಾದರೂ ವರ್ಷವಿಡೀ ನೀರು ನಿಲ್ಲುವ ನಾಡಲ್ಲ. ಕೆರೆಗಳನ್ನು ಕಟ್ಟಿ ಬೇಸಾಯ ಮಾಡಿದ, ಗುಡ್ಡದ ಇಳಿಜಾರು ಹಾಗೂ ಕುರುಚಲು ಕಾಡುಗಳಲ್ಲಿ ದನಕುರಿಗಳನ್ನು ಸಾಕಿದ ಜನರ ಸೀಮೆ ಇದು. ದನವೇ ಸಂಪತ್ತಾದಲ್ಲಿ ದನ ಹಿಡಿಯುವುದೇ ಕಾಳಗಕ್ಕೆ ಮೊದಲು.

ರಾಜಕೀಯವಾಗಿಯೂ ಇದು ಗಡಿನಾಡು. ಗಂಗರ ತೊಂಬತ್ತಾರು ಸಾಸಿರದ ಪೂರ್ವೋತ್ತರ ಅಂಚು ಇಲ್ಲಿ ಬರುತ್ತದೆ. ಗೌರಿಬಿದನೂರಿನ ಉತ್ತರಕ್ಕೆ, ಇಂದಿನ ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿರುವ ಹೇಮಾವತಿ, ಅಂದರೆ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಚಿಂತಾಮಣಿ, ಶಿಡ್ಲಘಟ್ಟಗಳ ಮೂಡಲ ದಿಕ್ಕಿನಲ್ಲಿ ಬಾಣರ ಮತ್ತು ವೈದುಂಬರ ನಾಡುಗಳಿದ್ದವು. ನಂದಿಯ ಭೋಗನಂದೀಶ್ವರ ದೇವಾಲಯದ ಮೂಲ ನಿರ್ಮಾಣವು ಬಾಣ ವಿದ್ಯಾಧರನ ರಾಣಿ ರತ್ನಾವಳಿಗೆ ಸಂಬಂಧಿಸಿದೆ. ಎಂಟರಿಂದ ಹತ್ತನೆಯ ಶತಮಾನದವರೆಗೆ ರಾಷ್ಟ್ರಕೂಟ, ಗಂಗ, ನೊಳಂಬ, ಬಾಣ, ವೈದುಂಬರ ಹಗೆ ಕೆಳೆಗಳು ಮತ್ತೆ ಮತ್ತೆ ಬದಲಾದವು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಆಳ್ವಿಕೆ ಹಬ್ಬಿತು. ಕನ್ನಡ, ತಮಿಳು, ತೆಲುಗು ಮೂರೂ ನುಡಿಗಳ ಶಾಸನಗಳು ಈ ಭಾಗದಲ್ಲಿ ದೊರೆಯುವುದಕ್ಕೆ ಇದೇ ಕಾರಣ. ಇಂದಿಗೂ ಇಲ್ಲಿನ ಮನೆಮನೆಗಳಲ್ಲಿ ಕನ್ನಡ, ತೆಲುಗುಗಳೆರಡೂ ಬೆರೆತಿವೆ.

ಇಂತಹ ನೆಲದಲ್ಲಿ ವೀರಗಲ್ಲುಗಳು ಹೇರಳವಾಗಿರುವುದು ಸಹಜ. ತುಱುಗೋಳ್ ಎಂದರೆ ದನ ಹಿಡಿಯುವ ಕಾಳಗ, ಊರಳಿವು ಎಂದರೆ ಊರಿನ ನಾಶ, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನಕ್ಕೆ ಒದಗಿದ ಆಪತ್ತು. ಇವು ವೀರಗಲ್ಲುಗಳಲ್ಲಿ ಬರುವ ಮುಖ್ಯ ಸಂದರ್ಭಗಳು. ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರಿಗೂ ಕಲ್ಲು ನಿಲ್ಲಿಸಿದ ಉದಾಹರಣೆಗಳು ಕರ್ನಾಟಕದಲ್ಲಿವೆ. ಅರಸನ ಪರವಾಗಿ ನಡೆದ ದೊಡ್ಡ ಕಾಳಗದಲ್ಲಿ ಸತ್ತವನಿಗಿಂತ, ಊರಿನ ದನ ಮರಳಿಸಲು ಹೋಗಿ ಸತ್ತ ಹೆಸರಿಲ್ಲದ ಆಳು ಈ ಕಲ್ಲುಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾನೆ. ರಾಜವಂಶಗಳ ಚರಿತ್ರೆ ಬರೆಯುವವರಿಗೆ ಈತ ಅಷ್ಟಾಗಿ ಬೇಕಾಗಿಲ್ಲ. ಊರಿನ ಚರಿತ್ರೆಗೆ ಈತನೇ ಮೊದಲಿಗ.

ರೂಪದ ದೃಷ್ಟಿಯಿಂದಲೂ ಗಂಗ, ನೊಳಂಬರ ಕಾಲದ ಕಲ್ಲುಗಳನ್ನು ಬೇರೆಯಾಗಿ ನೋಡಬೇಕು. ಕಲ್ಯಾಣ ಚಾಲುಕ್ಯ, ಹೊಯ್ಸಳರ ಕಾಲದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಅದಕ್ಕಿಂತ ಹಿಂದಿನ ಕಲ್ಲುಗಳಲ್ಲಿ ಅನೇಕವು ಒಂದೇ ದೃಶ್ಯದವು. ಒರಟಾದ ಬಂಡೆಯ ಮೇಲೆ ಬಿಲ್ಲು ಅಥವಾ ಕತ್ತಿ ಹಿಡಿದ ಆಳು, ಮೈಗೆ ನಾಟಿದ ಬಾಣಗಳು, ಪಕ್ಕದಲ್ಲಿ ದನ. ಅಕ್ಷರಗಳು ಚಿತ್ರದ ಮೇಲೋ ಸುತ್ತಲೋ ಸಿಕ್ಕ ಜಾಗದಲ್ಲಿ ಹರಿದಿರುತ್ತವೆ. ಕೊರೆದವನ ಕುಶಲತೆಗಿಂತ ನಿಲ್ಲಿಸಿದವರ ಅವಸರ ಇಲ್ಲಿ ಎದ್ದು ಕಾಣುತ್ತದೆ.

ಕಲ್ಲಿನ ಸುತ್ತಲಿನ ವಿಧಿ

ವೀರಗಲ್ಲನ್ನು ಕೇವಲ ನೆನಪಿನ ಗುರುತೆಂದು ತಿಳಿಯುವುದು ಅಪೂರ್ಣ. ತಮಿಳಿನ ತೊಲ್ಕಾಪ್ಪಿಯಂ ನಡುಗಲ್ಲಿಗೆ ಆರು ಹಂತಗಳನ್ನು ಹೇಳುತ್ತದೆ: ತಕ್ಕ ಕಲ್ಲನ್ನು ಕಾಣುವುದು, ತರುವುದು, ನೀರಿನಲ್ಲಿ ಮೀಯಿಸುವುದು, ನೆಡುವುದು, ದೊಡ್ಡ ಎಡೆಯನ್ನು ಇಡುವುದು, ಹೊಗಳುವುದು. ಕನ್ನಡದಲ್ಲಿ ಹೀಗೆ ಸೂತ್ರೀಕರಿಸಿದ ಲಕ್ಷಣಗ್ರಂಥ ಇಲ್ಲವಾದರೂ ಶಾಸನಗಳಲ್ಲಿನ ಪರಿಭಾಷೆ ಅಷ್ಟೇ ಸ್ಪಷ್ಟವಾಗಿದೆ. ‘ಕಲ್ನಾಡು’ ಎಂಬುದು ಕಲ್ಲಿನ ಕಾರಣದಿಂದ ವೀರನ ಕಡೆಯವರಿಗೆ ಬಿಟ್ಟ ಭೂಮಿ. ‘ಬಾಳ್ಗಳ್ಚು’ ಎಂಬುದು ಕತ್ತಿ ತೊಳೆದು ಕೊಡುವ ದತ್ತಿ. ‘ನೆತ್ತರುಗೊಡಗೆ’ ಎಂಬುದು ಸುರಿದ ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಮಾನ್ಯ. ‘ಪರೋಕ್ಷವಿನಯ’ ಎಂಬುದು ಕಣ್ಮರೆಯಾದವನಿಗೆ ಸಲ್ಲಿಸುವ ಗೌರವಕಾರ್ಯ. ಈ ನಾಲ್ಕು ಮಾತುಗಳನ್ನು ಒಟ್ಟಿಗೆ ನೋಡಿದರೆ ಸಾವು, ಭೂಮಿ, ಪೂಜೆ, ವಂಶ ಒಂದೇ ಸರಪಣಿಯಲ್ಲಿ ಪೋಣಿಸಿಕೊಂಡಿರುವುದು ಗೋಚರಿಸುತ್ತದೆ. ಕಲ್ಲು ನಿಂತಿರುವವರೆಗೆ ಭೂಮಿಯ ಹಕ್ಕು ನಿಲ್ಲುತ್ತದೆ. ಭೂಮಿ ಇರುವವರೆಗೆ ಕಲ್ಲಿಗೆ ಎಡೆ ಸಲ್ಲುತ್ತದೆ.

ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ವೀರರ ಸಾವಿನ ಹಿಂದಿನ ಸ್ವಾಮಿನಿಷ್ಠೆ, ವೇಳೆವಾಳಿ, ಗರುಡ ಮೊದಲಾದ ಪದ್ಧತಿಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ವಿವೇಚಿಸಿತು. ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಸಂಪುಟ (1982), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಅಧ್ಯಯನವನ್ನು ಮುಂದುವರಿಸಿದವು. ಸೊಂಥೈಮರ್ ಅವರು ಪಶುಪಾಲಕರ ದೈವಗಳಿಗೂ ವೀರಾರಾಧನೆಗೂ ಇರುವ ನಂಟನ್ನು ಎತ್ತಿತೋರಿಸಿದರು. ‘ವೀರ’ ಶಬ್ದವು ‘ಬೀರ’ವಾಗಿ ಬೀರಪ್ಪ, ಬೀರೇದೇವರುಗಳಲ್ಲಿ ಉಳಿದಿರುವುದನ್ನು ಇಲ್ಲಿ ನೆನೆಯಬಹುದು.

ಬೆಂಗಳೂರು ಸಂಗ್ರಹಾಲಯದ ಎರಡು ಕಲ್ಲುಗಳು

ವಿಧಿಯಿಂದ ಬೇರ್ಪಟ್ಟ ವೀರಗಲ್ಲು ಏನಾಗುತ್ತದೆ ಎಂಬುದನ್ನು ಅರಿಯಲು 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಎರಡು ಪ್ರಸಿದ್ಧ ಕಲ್ಲುಗಳನ್ನು ಗಮನಿಸಬೇಕು. ಇವು ನಮ್ಮ ನಾಲ್ಕು ತಾಲ್ಲೂಕುಗಳವಲ್ಲ. ಆದರೆ ಇದೇ ಗಂಗ ನೊಳಂಬ ಪರಂಪರೆಯವು, ಮತ್ತು ಇಲ್ಲಿನ ಕಲ್ಲುಗಳು ಮುಂದೆ ಎದುರಿಸಬಹುದಾದ ಸ್ಥಿತಿಯನ್ನು ಮೊದಲೇ ತೋರಿಸುತ್ತವೆ.

ಮೊದಲನೆಯದು ಬೇಗೂರಿನ ಕಲ್ಲು. ಗಂಗ ಎರೆಯಪ್ಪನ ಕಾಲದಲ್ಲಿ ಅಯ್ಯಪದೇವನು ವೀರಮಹೇಂದ್ರನೊಡನೆ ಕಾದುವಾಗ ಎರೆಯಪ್ಪನ ಅಪ್ಪಣೆಯಂತೆ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಆನೆಗಳ ನಡುವೆ ಹೋರಾಡಿ ಮಡಿದನು. ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರು ಎಂದರೆ ಇಂದಿನ ಬೇಗೂರು. ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಕಾಳಗದ ಚಿತ್ರವಿದೆ. ಪ್ರೇಕ್ಷಕನು ಈ ಚಿತ್ರದ ಮುಂದೆ ನಿಲ್ಲುತ್ತಾನೆ. ಸಂಶೋಧಕನು ಎರೆಯಪ್ಪ, ಮಹೇಂದ್ರರ ಕಾಲನಿರ್ಣಯಕ್ಕಾಗಿ ನಿಲ್ಲುತ್ತಾನೆ. ಆದರೆ ಶಾಸನದ ಕೊನೆಯ ಭಾಗ ಹೆಸರಿಸುವುದು ಹಳ್ಳಿಗಳನ್ನು. ಆ ಹಳ್ಳಿಗಳ ನಡುವೆ ನಿಂತಾಗ ಈ ಕಲ್ಲು ಒಂದು ಹಕ್ಕುಪತ್ರ. ಅವುಗಳಿಂದ ದೂರ ಗೋಡೆಗೊರಗಿದಾಗ ಅದು ಒಂದು ಊರುಪಟ್ಟಿ.

ಎರಡನೆಯದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಶಕ 872, ಅಂದರೆ ಕ್ರಿ.ಶ. 949–50ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದ ಸಂಗತಿಯನ್ನು ತಿಳಿಸುವುದರಿಂದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಆಧಾರಶಾಸನವೆನಿಸಿದೆ. ಆದರೆ ಕಲ್ಲನ್ನು ನಿಲ್ಲಿಸಿದ ಕಾರಣ ಬೇರೆ. ಗಂಗ ಬೂತುಗನ ಆಳಾದ ಮಣಲೆರನು ತನ್ನ ಶೌರ್ಯಕ್ಕೆ ಪಾರಿತೋಷಕವಾಗಿ ಅರಸನಿಂದ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಅನಂತರದ ಕಟ್ಟಳೆ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಆ ಭೂಮಿಯನ್ನು ಅಳಿದವರು ಆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾರೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ ತಟ್ಟುತ್ತದೆ ಎಂದು ಶಾಸನ ವಿಧಿಸುತ್ತದೆ.

ಇಲ್ಲಿ ಕಲ್ಲೇ ತನ್ನ ನಿರ್ವಹಣೆಯ ನಿಯಮವನ್ನು ತನ್ನ ಮೈಮೇಲೆ ಬರೆದುಕೊಂಡಿದೆ. ಪೂಜೆ ದಿನನಿತ್ಯದ್ದು, ಅದರ ಹೊಣೆ ಗೊರವನದು, ಅದರ ಆದಾಯ ಆ ಭೂಮಿಯದು. ಸಂಗ್ರಹಾಲಯವು ಕಲ್ಲನ್ನು ಮಳೆಬಿಸಿಲಿನಿಂದ ಕಾಪಾಡಿದೆ, ಅಕ್ಷರಗಳನ್ನು ಕಾಪಾಡಿದೆ, ನಾಯಿ ಹಂದಿಗಳ ಕಾಳಗದ ಉಬ್ಬುಚಿತ್ರವನ್ನು ಕಾಪಾಡಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಗೊರವನ ಸ್ಥಾನ ಅಲ್ಲಿಲ್ಲ. ಚೀನಾದ ಮಿಂಗ್‌ಚಿಯನ್ನು ಬೆಳಕಿಗೆ ತಂದಾಗ ಕತ್ತಲಲ್ಲಿರಬೇಕಾದ ಅದರ ಧರ್ಮಕ್ಕೆ ಭಂಗ ಬಂದಂತೆ, ಎಡೆ ಪಡೆಯಬೇಕಾದ ಕಲ್ಲನ್ನು ಮುಟ್ಟಬಾರದ ವಸ್ತುವಾಗಿಸಿದಾಗ ಇದರ ಧರ್ಮಕ್ಕೂ ಭಂಗ ಬರುತ್ತದೆ. ಮೊದಲನೆಯದರಲ್ಲಿ ನೋಟ ಅತಿಯಾಯಿತು. ಎರಡನೆಯದರಲ್ಲಿ ನೋಟ ಮಾತ್ರ ಉಳಿಯಿತು.

ಶಾಸನಸಂಪುಟ ಹೇಳುವುದು, ಹೇಳದಿರುವುದು

ಚಿಕ್ಕಬಳ್ಳಾಪುರ ಸೀಮೆಯ ಶಾಸನಗಳ ಅಧ್ಯಯನಕ್ಕೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವೇ (1905) ಇಂದಿಗೂ ಆರಂಭಬಿಂದು. ಆಗಿನ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆಗಳೊಡನೆ ಅಲ್ಲಿ ಕೊಡಲಾಗಿದೆ. ಪಾಠದ ತಲೆಬರಹದಲ್ಲಿ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ ಅಥವಾ ಯಾರ ಹೊಲದಲ್ಲಿ ಇದೆಯೆಂಬ ಒಂದು ಸಾಲು, ಕೆಲವೆಡೆ ಕಲ್ಲಿನ ಪ್ರಮಾಣ ದೊರೆಯುತ್ತವೆ. ಸೀಮಿತ ಸಿಬ್ಬಂದಿಯಿಂದ ಮೈಸೂರು ಸಂಸ್ಥಾನದುದ್ದಕ್ಕೂ ಸಾವಿರಾರು ಶಾಸನಗಳನ್ನು ಸಂಗ್ರಹಿಸಿದ ಆ ಸಾಹಸವನ್ನು ಯಾರೂ ಕಡೆಗಣಿಸಲಾರರು. ಆದರೆ ಆ ಯೋಜನೆಯ ಗುರಿ ಅಕ್ಷರ. ಆದ್ದರಿಂದ ಮೂರು ಬಗೆಯ ಕೊರತೆಗಳು ಉಳಿದವು.

ಮೊದಲನೆಯದಾಗಿ, ಅಕ್ಷರವಿಲ್ಲದ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಶಾಸನಸಂಪುಟದಲ್ಲಿ ಸ್ಥಾನವಿಲ್ಲ. ಬರವಣಿಗೆ ಇಲ್ಲವೆಂಬ ಕಾರಣಕ್ಕೆ ಸಾವು ಚಿಕ್ಕದಾಗುವುದಿಲ್ಲ. ಆದರೂ ಎಣಿಕೆಯಿಂದ ಹೊರಗುಳಿಯಿತು. ಎರಡನೆಯದಾಗಿ, ಶಿಲ್ಪ ಮತ್ತು ಶಾಸನ ಬೇರೆ ಬೇರೆಯಾದವು. ಪಾಠ ಅಚ್ಚಾಯಿತು, ಚಿತ್ರದ ವಿವರ ಬಹುಮಟ್ಟಿಗೆ ಉಳಿಯಲಿಲ್ಲ. ಆತಕೂರಿನಂತಹ ಕಲ್ಲಿನಲ್ಲಿ ಚಿತ್ರವೇ ಶಾಸನದ ಅರ್ಧ ಎಂಬುದನ್ನು ನೆನೆದರೆ ಈ ನಷ್ಟದ ಪ್ರಮಾಣ ತಿಳಿಯುತ್ತದೆ. ಮೂರನೆಯದಾಗಿ, ಕಲ್ಲಿನೊಡನೆ ಅಂದಿಗೆ ಬದುಕಿದ್ದ ಆಚರಣೆಯನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಯಾವ ಕಲ್ಲಿಗೆ ಯಾರು ಎಣ್ಣೆ ಹಚ್ಚುತ್ತಾರೆ, ಯಾವ ಹಬ್ಬದಲ್ಲಿ ಎಡೆ ಇಡುತ್ತಾರೆ, ಊರಿನವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬ ಪ್ರಶ್ನೆಗಳು ಶಾಸನತಜ್ಞನ ಪಟ್ಟಿಯಲ್ಲಿ ಇರಲಿಲ್ಲ.

ತಮಿಳುನಾಡಿನ ಚೆಂಗಂ ಪ್ರದೇಶದ ನಡುಗಲ್ಲುಗಳನ್ನು ಅಲ್ಲಿನ ಪುರಾತತ್ತ್ವ ಇಲಾಖೆ 1972ರಲ್ಲಿ ಪ್ರತ್ಯೇಕ ಸಂಪುಟವಾಗಿ ಪ್ರಕಟಿಸಿತು. ಒಂದು ಸೀಮೆಯ ಸ್ಮಾರಕ ಶಿಲೆಗಳನ್ನು ಒಂದು ಸಮೂಹವೆಂದು ಭಾವಿಸಿ ಓದಿದಾಗ ಬಿಡಿಬಿಡಿ ಶಾಸನಗಳಲ್ಲಿ ಕಾಣದ ಸಂಬಂಧಗಳು ಕಾಣುತ್ತವೆ ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು. ನಮ್ಮ ಗಡಿಸೀಮೆಗೂ ಅಂತಹ ಸಂಪುಟವೊಂದು ಸಲ್ಲತಕ್ಕದ್ದು.

ನೆಲದ ಮೇಲಿನ ಇಂದಿನ ಸ್ಥಿತಿ

ನಾಲ್ಕು ತಾಲ್ಲೂಕುಗಳಲ್ಲಿ ಸ್ಮಾರಕ ಶಿಲೆಗಳು ಸಾಮಾನ್ಯವಾಗಿ ಕಂಡುಬರುವ ನೆಲೆಗಳು ಕೆರೆಯ ಏರಿ, ತೂಬಿನ ಬಳಿ, ಊರಬಾಗಿಲು, ಹಳೆಯ ಗುಡಿಯ ಅಂಗಳ ಮತ್ತು ಹೊಲದ ಬದು. ಕೆಲವು ಕಡೆ ಅವುಗಳಿಗೆ ಅರಿಶಿನ ಕುಂಕುಮ ಸಲ್ಲುತ್ತದೆ. ಕೆಲವು ಕಡೆ ಅವು ವೀರಭದ್ರನಾಗಿಯೋ ಗ್ರಾಮದೇವತೆಯ ಪರಿವಾರವಾಗಿಯೋ ರೂಪಾಂತರ ಹೊಂದಿವೆ. ಇನ್ನು ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲು, ಚರಂಡಿಯ ಹಾಸುಗಲ್ಲು ಆಗಿವೆ. ಹೆಸರು ಮರೆತರೂ ಪೂಜೆ ಉಳಿದಿರುವುದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಶಾಸನದಲ್ಲಿ ವಿಧಿಸಿದ ಎಡೆಯ ಕರ್ತವ್ಯವು ಅಕ್ಷರ ತಿಳಿಯದವರ ಕೈಯಲ್ಲಿ ಸಾವಿರ ವರ್ಷ ಮುಂದುವರಿದಿದೆಯೆಂದೇ ಅದನ್ನು ಅರ್ಥೈಸಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಶ್ವತ್ಥಮರದ ಸುತ್ತ ಭಕ್ತರು ಪ್ರತಿಷ್ಠಿಸುತ್ತ ಬಂದಿರುವ ಅಸಂಖ್ಯ ನಾಗರಕಲ್ಲುಗಳನ್ನು ಕಂಡವರಿಗೆ ಕಲ್ಲು ನೆಡುವ ಸಂಪ್ರದಾಯ ಈ ಸೀಮೆಯಲ್ಲಿ ಎಷ್ಟು ಜೀವಂತವೆಂಬುದು ಮನದಟ್ಟಾಗುತ್ತದೆ. ನಾಗರಕಲ್ಲು ಮರಣಸ್ಮಾರಕವಲ್ಲ, ಆದರೆ ಹರಕೆಯೊಂದು ಕಲ್ಲಿನ ಮೂಲಕ ನೆಲಕ್ಕೆ ಅಂಟಿಕೊಳ್ಳುವ ಬಗೆ ಎರಡರಲ್ಲಿಯೂ ಒಂದೇ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಬೆಂಗಳೂರಿನ ಬೆಳವಣಿಗೆ ಈ ದಿಕ್ಕಿಗೆ ಸರಿದಿದೆ. ಹೊಲಗಳು ಬಡಾವಣೆಗಳಾಗುವಾಗ, ರಸ್ತೆ ಅಗಲವಾಗುವಾಗ, ಹಳೆಯ ಗುಡಿಯ ಜೀರ್ಣೋದ್ಧಾರವಾಗುವಾಗ ಕಲ್ಲು ಮೊದಲು ಕದಲುತ್ತದೆ. ಒಡೆದು ಹಾಳಾಗುವ ಕಲ್ಲನ್ನು ಸಂಗ್ರಹಾಲಯಕ್ಕೆ ಒಯ್ಯುವುದೇ ಲೇಸೆಂಬ ವಾದದಲ್ಲಿ ಹುರುಳಿದೆ. ಆದರೆ ಒಯ್ಯುವ ಮೊದಲು ಏನನ್ನು ಬರೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸದೆ ಒಯ್ದರೆ ಲೋಯಾಂಗಿನ ಗೊಂಬೆಗಳಿಗೆ ಒದಗಿದ ಗತಿಯೇ ಇವಕ್ಕೂ ಒದಗುತ್ತದೆ.

ಮೂರನೆಯ ಮಾರ್ಗವೂ ಇದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ವೇಳೆ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ದೊರೆಯಿತು. ಅದನ್ನು ಸಂಗ್ರಹಾಲಯಕ್ಕೆ ಸಾಗಿಸದೆ ಊರಿನಲ್ಲಿಯೇ ಉಳಿಸಿಕೊಂಡು, ಅದಕ್ಕೊಂದು ಮಂಟಪ ಕಟ್ಟಲಾಯಿತು. 2021ರಲ್ಲಿ ಮಿಥಿಕ್ ಸೊಸೈಟಿ ಆರಂಭಿಸಿದ ಯೋಜನೆಯಡಿ ಬೆಂಗಳೂರು ಸೀಮೆಯ ಶಾಸನಕಲ್ಲುಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಯಿತು. ಅಕ್ಷರವನ್ನು ಕಾಪಾಡಲು ಕಲ್ಲನ್ನು ಕದಲಿಸಲೇಬೇಕೆಂಬ ನಿರ್ಬಂಧವನ್ನು ತಂತ್ರಜ್ಞಾನ ಇಂದು ತೆಗೆದುಹಾಕಿದೆ.

ದಾಖಲೆಗೆ ಒಂದು ಕ್ರಮ

ಮೇಲಿನ ವಿವೇಚನೆಯ ಆಧಾರದಿಂದ ಈ ಸೀಮೆಯ ಪ್ರತಿಯೊಂದು ಸ್ಮಾರಕ ಶಿಲೆಗೂ, ಅಕ್ಷರವಿರಲಿ ಇಲ್ಲದಿರಲಿ, ಕೆಳಗಿನ ಸಂಗತಿಗಳನ್ನು ದಾಖಲಿಸುವುದು ಅವಶ್ಯವೆಂದು ತೋರುತ್ತದೆ. ಕಲ್ಲಿನ ನಿಖರವಾದ ನೆಲೆ ಹಾಗೂ ಅದು ಮುಖಮಾಡಿರುವ ದಿಕ್ಕು. ಕೆರೆ, ಗುಡಿ, ಹಳೆಯ ದಾರಿಗಳಿಂದ ಅದಕ್ಕಿರುವ ದೂರ. ಪಕ್ಕದ ಇತರ ಕಲ್ಲುಗಳು. ಶಿಲ್ಪದ ಪೂರ್ಣ ವಿವರ. ಶಾಸನವಿದ್ದರೆ ಅದರ ಪಾಠ ಮತ್ತು ರೈಸ್ ಸಂಪುಟದ ಸಂಖ್ಯೆ. ಊರಿನವರು ಕನ್ನಡದಲ್ಲಿ ಅಥವಾ ತೆಲುಗಿನಲ್ಲಿ ಅದನ್ನು ಕರೆಯುವ ಹೆಸರು. ಪೂಜೆ ಮಾಡುವ ಮನೆತನ, ಕಾಲ ಮತ್ತು ಎಡೆಯ ಪದಾರ್ಥ. ಆ ಜಮೀನಿಗೆ ಮಾನ್ಯ ಇನಾಮುಗಳ ನೆನಪಿದ್ದರೆ ಅದರ ವಿವರ. ಹಿಂದೆ ಕಲ್ಲನ್ನು ಕದಲಿಸಿದ್ದರೆ ಎಲ್ಲಿಂದ, ಏಕೆ, ಯಾವಾಗ ಎಂಬ ಮಾಹಿತಿ. ಇವುಗಳಲ್ಲಿ ಮೊದಲ ಐದನ್ನು ಹೊರಗಿನವರು ದಾಖಲಿಸಬಲ್ಲರು. ಉಳಿದವು ಊರಿನ ಹಿರಿಯರ ಬಾಯಿಂದಲೇ ಬರಬೇಕಾದವು. ಆದ್ದರಿಂದ ಅವಕ್ಕೆ ಅವಸರವೂ ಹೆಚ್ಚು.

ಅನಿವಾರ್ಯವಾಗಿ ಸಂಗ್ರಹಾಲಯಕ್ಕೆ ಬಂದ ಕಲ್ಲಿಗೆ ಈ ವಿವರಗಳು ಪರಿಚಯಫಲಕದಲ್ಲಿಯೇ ಜೊತೆಗೂಡಬೇಕು. ‘ವೀರಗಲ್ಲು, ಹತ್ತನೆಯ ಶತಮಾನ, ಕಣಶಿಲೆ’ ಎಂಬ ಫಲಕ ಅದು ಯಾವ ವಸ್ತುವಿನಿಂದಾಯಿತು ಎಂಬುದನ್ನು ಹೇಳುತ್ತದೆಯೇ ಹೊರತು ಅದು ಏನೆಂಬುದನ್ನು ಹೇಳುವುದಿಲ್ಲ. ಕಲ್ಲು ಹಿಂದೆ ನಿಂತಿದ್ದ ಜಾಗದಲ್ಲಿ ಒಂದು ಗುರುತನ್ನೋ ಪ್ರತಿಕೃತಿಯನ್ನೋ ಉಳಿಸುವುದು ಊರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ.

ಉಪಸಂಹಾರ

ಅಸ್ತಾನದ ಸಮಾಧಿಯಿಂದ ಬಂದ ರೇಷ್ಮೆಯ ಮುಖವಸ್ತ್ರಕ್ಕೂ ರೇಷ್ಮೆ ಬೆಳೆಯುವ ಶಿಡ್ಲಘಟ್ಟದ ಹೊಲದಂಚಿನ ವೀರಗಲ್ಲಿಗೂ ನೇರ ಸಂಬಂಧವಿಲ್ಲ. ಆದರೆ ಮೃತನಿಗೆ ಬದುಕಿದವರು ಸಲ್ಲಿಸಬೇಕಾದುದೊಂದು ಇದೆ ಎಂಬ ಭಾವನೆ ಎರಡನ್ನೂ ಹುಟ್ಟಿಸಿತು. ಒಂದು ಕಡೆ ಆ ಸಲ್ಲಿಕೆ ಒಮ್ಮೆಗೇ ಮುಗಿದು ಮಣ್ಣಿನಡಿ ಸೇರಿತು. ಇನ್ನೊಂದು ಕಡೆ ಅದು ಎಂದೂ ಮುಗಿಯದಂತೆ ಭೂಮಿ ಬಿಟ್ಟು, ಗೊರವನನ್ನು ನೇಮಿಸಿ, ಶಾಪದ ಬೇಲಿ ಕಟ್ಟಿ ವ್ಯವಸ್ಥೆ ಮಾಡಲಾಯಿತು. ಮೊದಲನೆಯ ಬಗೆಯ ವಸ್ತುವಿಗೆ ಅಗೆತದ ಶಿಸ್ತು ನ್ಯಾಯ ಒದಗಿಸಬಲ್ಲುದು. ಎರಡನೆಯ ಬಗೆಗೆ ಅದರೊಡನೆ ಊರನ್ನು ಕೇಳುವ ಶಿಸ್ತು ಬೇಕು. ರೈಸ್ ಅವರ ಸಂಪುಟ ಪ್ರಕಟವಾಗಿ ನೂರಿಪ್ಪತ್ತು ವರ್ಷ ಕಳೆದಿವೆ. ಅಂದು ಅಕ್ಷರವನ್ನು ಬರೆದುಕೊಂಡವರು ಎಡೆಯನ್ನು ಕೇಳಲಿಲ್ಲ. ಇಂದು ಕೇಳಿದರೆ ಹೇಳಬಲ್ಲವರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆ ಕೆಲಸವನ್ನು ಸಂಶೋಧನ ಸಂಸ್ಥೆಗಳೂ ಗ್ರಾಮ ಪಂಚಾಯಿತಿಗಳೂ ಕೂಡಿ ಕೈಗೊಳ್ಳಬೇಕಾಗಿದೆ.